ಪ್ರತಿಫಲಿತ ಸಂಕೇತದ ದೋಷಪರಿಜ್ಞಾನ: ಬೆಳ್ವೊಲದ ಭೂಮಾಪನದ ದೃಷ್ಟಿಯಿಂದ ಒಂದು ವಿಚಾರ

ಬೆಳ್ವೊಲ ಮುನ್ನೂರರ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿಯು ತಾನಾಗಿ ಗೋಚರವಾಗುತ್ತದೆ. ದೇವಾಲಯಕ್ಕಾಗಲಿ ಬಸದಿಗಾಗಲಿ ಭೂಮಿಯನ್ನು ಬಿಟ್ಟ ದಾನಿಯು ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಸಂಖ್ಯೆಯನ್ನು ಹೇಳಿ ಸುಮ್ಮನಾಗುವುದಿಲ್ಲ. ಅನೇಕ ಶಾಸನಗಳಲ್ಲಿ ಆ ಭೂಮಿಯನ್ನು ಯಾವ ಕೋಲಿನಿಂದ ಅಳೆದುದೆಂಬುದೂ ಉಕ್ತವಾಗಿರುತ್ತದೆ. ಅನಂತರ ನಾಲ್ಕು ದಿಕ್ಕಿನ ಎಲ್ಲೆಗಳು ಕಲ್ಲು, ಹಳ್ಳ, ಮರ, ದಾರಿಗಳಿಂದ ಗುರುತಿಸಲ್ಪಡುತ್ತವೆ. ಕೋಲು ಸೀಮೆಸೀಮೆಗೆ ಬೇರೆಯಾಗಿದ್ದ ಕಾಲದಲ್ಲಿ ಕೋಲಿನ ಹೆಸರಿಲ್ಲದ ಸಂಖ್ಯೆಯು ಪ್ರಮಾಣವಾಗುತ್ತಿರಲಿಲ್ಲ. ಅಳತೆಯ ಫಲದೊಡನೆ ಅಳತೆಯ ಸಾಧನವನ್ನೂ ಕಲ್ಲಿನ ಮೇಲೆ ಬರೆಯಿಸಿದ ಆ ಹಿರಿಯರು, ಮುಂದೆ ವಿವಾದವುಂಟಾದರೆ ಪುನಃ ಪರೀಕ್ಷಿಸುವ ದಾರಿಯನ್ನು ತೆರೆದಿಟ್ಟೇ ಹೋದರು.

ಈಗ ಅದೇ ಬೆಳ್ವೊಲದ ಹೊಲಗಳ ಮೂಲೆಗಳು ಆಕಾಶದಲ್ಲಿ ಸಂಚರಿಸುವ ಉಪಗ್ರಹಗಳ ಸಂಕೇತಗಳಿಂದ ನಿರ್ಣಯಿಸಲ್ಪಡುತ್ತಿವೆ. ಈ ಹೊಸ ಕೋಲಿನಲ್ಲಿರುವ ದೋಷಗಳಲ್ಲಿ ಅತ್ಯಂತ ಗೂಢವಾದುದು ಪ್ರತಿಫಲನದೋಷವು. ಎಂದರೆ ಉಪಗ್ರಹದಿಂದ ನೇರವಾಗಿ ಬಂದ ಸಂಕೇತದೊಡನೆ, ಗೋಡೆಯಿಂದಲೋ ತಗಡಿನಿಂದಲೋ ನೆಲದಿಂದಲೋ ತಿರುಗಿ ಬಂದ ಅದೇ ಸಂಕೇತವು ಬೆರೆತು, ಸ್ಥಾನವನ್ನು ತಪ್ಪಾಗಿ ತೋರಿಸುವುದು. ಈ ದೋಷವನ್ನು ಕಂಡುಹಿಡಿಯುವ ಉಪಾಯಗಳು ಯಾವ ಕ್ರಮದಿಂದ ಬೆಳೆದುಬಂದವು, ಅವುಗಳ ಹಿಂದಿರುವ ತರ್ಕವೇನು, ಧಾರವಾಡ ಸೀಮೆಯ ಭೂಮಾಪನಕ್ಕೆ ಅದರಿಂದ ಏನು ತಿಳಿಯತಕ್ಕದ್ದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶವು.

೧. ಕೋಲಿನಿಂದ ಸರಪಳಿಗೆ

ಅಣ್ಣಿಗೇರಿಯು ಬೆಳ್ವೊಲದ ರಾಜಧಾನಿಯೆನಿಸಿದ್ದು, ಹನ್ನೆರಡನೆಯ ಶತಮಾನದ ಕೊನೆಯಲ್ಲಿ ನಾಲ್ವಡಿ ಸೋಮೇಶ್ವರನ ನೆಲೆವೀಡೂ ಆಗಿದ್ದಿತು. ಆ ಕಾಲದ ಕೋಲುಗಳು ಮರೆಯಾಗಿ ಶತಮಾನಗಳು ಕಳೆದ ಮೇಲೆ, ಮುಂಬಯಿ ಇಲಾಖೆಯ ಆಳ್ವಿಕೆಯಲ್ಲಿ ೧೮೪೦ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟನ ಮೇಲ್ವಿಚಾರಣೆಯಲ್ಲಿ ಧಾರವಾಡ ಜಿಲ್ಲೆಯ ಕಂದಾಯದ ಮೋಜಣಿಯು ನಡೆಯಿತು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಈ ಮೂವರು ಸೇರಿ ೧೮೪೭ರಲ್ಲಿ ಬರೆದ ಸಂಯುಕ್ತ ವರದಿಯು ಆ ಪದ್ಧತಿಗೆ ಸೂತ್ರಗ್ರಂಥದಂತಾಯಿತು. ೩೩ ಅಡಿಯ ಸರಪಳಿಯೇ ಅದರ ಕೋಲು. ಒಂದು ಸರಪಳಿಯ ಉದ್ದ, ಒಂದು ಸರಪಳಿಯ ಅಗಲವುಳ್ಳ ಚೌಕವು ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ. ನವಲಗುಂದ, ಕುಂದಗೋಳಗಳ ಒಕ್ಕಲಿಗರು ಇಂದಿಗೂ ಹೊಲದ ಲೆಕ್ಕವನ್ನು ಈ ಮಾತುಗಳಿಂದಲೇ ಹೇಳುತ್ತಾರೆ. ಕುಂದಗೋಳವಾದರೋ ೧೯೪೮ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಆದುದರಿಂದ ಅಲ್ಲಿ ಎರಡು ಊರುಗಳ ನಡುವಣ ಬದುವು ಎರಡು ಸರಕಾರಗಳ ನಡುವಣ ಗಡಿಯೂ ಆಗಿರುತ್ತಿದ್ದುದುಂಟು.

ಸರಪಳಿಯಲ್ಲಿಯೂ ದೋಷಗಳಿದ್ದವು. ಅದು ಜೋಲುತ್ತದೆ, ಕೊಂಡಿ ಸವೆದು ಉದ್ದವಾಗುತ್ತದೆ, ದಿಬ್ಬದ ಮೇಲೆ ಓರೆಯಾಗುತ್ತದೆ. ಎರೆಭೂಮಿಯು ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ ಬಾಂದುಗಲ್ಲುಗಳು ವಾಲುವುದೂ ಉಂಟು. ಆದರೆ ಇವೆಲ್ಲವೂ ಕಣ್ಣಿಗೆ ಕಾಣುವ ದೋಷಗಳು. ಸರಪಳಿ ಹಿಡಿದವನಿಗೂ, ಬದುವಿನ ಮೇಲೆ ನಿಂತು ನೋಡುವ ಹೊಲದೊಡೆಯನಿಗೂ ಅವು ಸಮಾನವಾಗಿ ಗೋಚರವಾಗುತ್ತಿದ್ದವು.

ಕಣ್ಣಿಗೆ ಕಾಣದ ದೋಷದ ಪ್ರಶ್ನೆಯು ತ್ರಿಕೋನಮಾಪನದಲ್ಲಿ ತಲೆದೋರಿತು. ಲ್ಯಾಂಬ್ಟನ್ನನು ೧೮೦೦ರಲ್ಲಿ ಬೆಂಗಳೂರಿನ ಬಳಿಯಲ್ಲಿಯೂ ೧೮೦೨ರಲ್ಲಿ ಮದ್ರಾಸಿನಲ್ಲಿಯೂ ಆಧಾರರೇಖೆಗಳನ್ನು ಅಳೆದು ಕಾರ್ಯವನ್ನು ವಿಸ್ತರಿಸಿದಾಗ, ದೂರದ ಶಿಖರದಿಂದ ಬರುವ ಬೆಳಕಿನ ಕಿರಣವು ವಾಯುವಿನಲ್ಲಿ ಬಾಗಿ ಬರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು. ಕಿರಣವು ತಾನು ಬಾಗಿದ್ದೇನೆಂದು ಹೇಳುವುದಿಲ್ಲ. ಎರಡು ಶಿಖರಗಳಿಂದ ಒಂದನ್ನೊಂದು ಪರಸ್ಪರವಾಗಿ ನೋಡಿ, ಎರಡೂ ಕೋನಗಳನ್ನು ಹೋಲಿಸಿದಾಗ ಮಾತ್ರ ಆ ಬಾಗು ಹೊರಬೀಳುತ್ತದೆ. ಒಬ್ಬ ಸಾಕ್ಷಿಯಿಂದ ತಿಳಿಯದುದು ಇಬ್ಬರಿಂದ ತಿಳಿಯುತ್ತದೆಂಬ ಈ ನ್ಯಾಯವೇ ಮುಂದಿನ ಕಥೆಗೆಲ್ಲ ಬೀಜವು.

೨. ಪ್ರತಿಫಲನದ ಸ್ವರೂಪ

ಅಮೆರಿಕದ ಜಿ. ಪಿ. ಎಸ್. ಯೋಜನೆಯು ೧೯೭೩ರಲ್ಲಿ ಅಂಗೀಕೃತವಾಗಿ, ಅದರ ಮೊದಲನೆಯ ಉಪಗ್ರಹವು ೧೯೭೮ರ ಫೆಬ್ರವರಿಯಲ್ಲಿ ಮೇಲೇರಿತು. ಅದರ ಉಪಗ್ರಹಗಳು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸಂಚರಿಸುತ್ತ, ತಾವು ಸಂಕೇತವನ್ನು ಬಿಟ್ಟ ಕಾಲವನ್ನು ಆ ಸಂಕೇತದಲ್ಲಿಯೇ ಅಂಕಿತಗೊಳಿಸಿ ಕಳುಹಿಸುತ್ತವೆ. ನೆಲದ ಮೇಲಿರುವ ಗ್ರಾಹಕಯಂತ್ರವು ಸಂಕೇತವು ಬಂದು ಮುಟ್ಟಿದ ಕಾಲವನ್ನು ನೋಡಿ, ನಡುವೆ ಕಳೆದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿ ದೂರವನ್ನು ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರಗಳು ದೊರೆತರೆ ಸ್ಥಾನದ ಮೂರು ಅಂಗಗಳೂ, ಯಂತ್ರದ ಗಡಿಯಾರದ ತಪ್ಪೂ ನಿರ್ಣಯವಾಗುತ್ತವೆ.

ನವಲಗುಂದದ ಸಮತಟ್ಟಾದ ಎರೆಹೊಲದಲ್ಲಿ ಎರಡು ಮೀಟರು ಎತ್ತರದ ಕೋಲಿನ ಮೇಲೆ ಆಂಟೆನಾವನ್ನು ನಿಲ್ಲಿಸಿದೆಯೆಂದು ಭಾವಿಸಬಹುದು. ದಿಗಂತದಿಂದ ೩೦ ಅಂಶ ಮೇಲಿರುವ ಉಪಗ್ರಹದ ನೇರ ಸಂಕೇತವು ಆಂಟೆನಾವನ್ನು ಸೇರುತ್ತದೆ. ನೆಲಕ್ಕೆ ಬಿದ್ದು ಪ್ರತಿಫಲಿಸಿದ ಇನ್ನೊಂದು ಭಾಗವು ಎರಡು ಮೀಟರು ಹೆಚ್ಚು ದಾರಿಯನ್ನು ನಡೆದು ಅನಂತರ ಸೇರುತ್ತದೆ. ಎರಡೂ ಒಂದೇ ಉಪಗ್ರಹದ ವಾಣಿಯು, ಒಂದೇ ಮುದ್ರೆಯುಳ್ಳವು; ಯಂತ್ರಕ್ಕೆ ಅವು ಬೆರೆತೇ ದೊರೆಯುತ್ತವೆ. ಈ ಬೆರಕೆಯಿಂದುಂಟಾಗುವ ತಪ್ಪು ಸಂಕೇತಮಾಲೆಯ ಅಳತೆಯಲ್ಲಿ ಹಲವು ಮೀಟರುಗಳಷ್ಟಾಗಬಹುದು. ಮಾಲೆಯನ್ನು ಹೊತ್ತು ತರುವ ವಾಹಕತರಂಗದ ಅಳತೆಯಲ್ಲಾದರೆ ಅದು ತರಂಗದ ಉದ್ದದ ನಾಲ್ಕನೆಯ ಒಂದು ಭಾಗವನ್ನು ಮೀರುವುದಿಲ್ಲ. ಜಿ. ಪಿ. ಎಸ್.ನ ಮೊದಲನೆಯ ತರಂಗದ ಉದ್ದವು ಸುಮಾರು ೧೯ ಸೆಂಟಿಮೀಟರು. ಆದುದರಿಂದ ಒಂದು ಉಪಗ್ರಹದ ಅಳತೆಯಲ್ಲಿ ಈ ತಪ್ಪು ಸುಮಾರು ೫ ಸೆಂಟಿಮೀಟರಿನೊಳಗೆ ನಿಲ್ಲುತ್ತದೆ.

ಉಳಿದ ದೋಷಗಳಿಗೂ ಇದಕ್ಕೂ ಒಂದು ಮುಖ್ಯವಾದ ಭೇದವಿದೆ. ಉಪಗ್ರಹದ ಗಡಿಯಾರದ ತಪ್ಪು, ಅದರ ಕಕ್ಷೆಯ ತಪ್ಪು, ಮೇಲ್ವಾಯುಮಂಡಲದ ವಿಳಂಬ ಇವು ಹತ್ತಿರಹತ್ತಿರದ ಎರಡು ಯಂತ್ರಗಳಿಗೆ ಹೆಚ್ಚುಕಡಿಮೆ ಸಮಾನವಾಗಿ ತಗಲುತ್ತವೆ. ಸ್ಥಾನವು ಮೊದಲೇ ತಿಳಿದಿರುವ ಒಂದು ನಿಲ್ದಾಣದ ಅಳತೆಯನ್ನು ಇನ್ನೊಂದರಿಂದ ಕಳೆದರೆ ಅವು ಬಹುಮಟ್ಟಿಗೆ ಕಳೆದುಹೋಗುತ್ತವೆ. ಪ್ರತಿಫಲನವಾದರೋ ಆಯಾ ಜಾಗದ ಗೋಡೆಗೂ ನೆಲಕ್ಕೂ ಸಂಬಂಧಿಸಿದುದು. ಈ ಹೊಲದ ದೋಷವು ಆ ನಿಲ್ದಾಣದಲ್ಲಿರುವುದಿಲ್ಲ, ಅಲ್ಲಿಯ ದೋಷವು ಇಲ್ಲಿರುವುದಿಲ್ಲ. ಆದುದರಿಂದ ವ್ಯವಕಲನದಿಂದ ಅದು ಹೋಗುವುದಿಲ್ಲ. ಬದಲಾಗಿ ಎರಡು ಕಡೆಯ ದೋಷಗಳೂ ಕೂಡಿಕೊಳ್ಳಬಹುದು. ಉಳಿದ ತಪ್ಪುಗಳು ಪರಿಹಾರವಾದಷ್ಟೂ ಇದೊಂದೇ ಎದ್ದು ಕಾಣತೊಡಗಿದುದಕ್ಕೆ ಕಾರಣವಿದು.

೩. ಕಾರಣದೋಷಜ್ಞಾನ, ಬಾಧಕಜ್ಞಾನ

ಇಲ್ಲಿ ಭಾರತೀಯ ಪ್ರಮಾಣಶಾಸ್ತ್ರದ ಒಂದು ವಿಚಾರವು ಉಪಯುಕ್ತವಾಗಿದೆ. ಕುಮಾರಿಲಭಟ್ಟನು ಶ್ಲೋಕವಾರ್ತಿಕದಲ್ಲಿ ಪ್ರತಿಪಾದಿಸುವಂತೆ, ಜ್ಞಾನಕ್ಕೆ ಪ್ರಾಮಾಣ್ಯವು ಸ್ವತಃಸಿದ್ಧವು; ಅಪ್ರಾಮಾಣ್ಯವು ಮಾತ್ರ ಬೇರೊಂದರಿಂದ ತಿಳಿಯತಕ್ಕದ್ದು. ಆ ಬೇರೊಂದು ಎರಡು ಬಗೆಯಾಗಿದೆ. ಜ್ಞಾನವನ್ನು ಹುಟ್ಟಿಸಿದ ಸಾಧನದಲ್ಲಿಯೇ ದೋಷವಿದೆಯೆಂದು ತಿಳಿಯುವುದು ಒಂದು. ಕಾಮಾಲೆಯ ಕಣ್ಣಿನವನಿಗೆ ಶಂಖವು ಹಳದಿಯಾಗಿ ಕಂಡರೆ, ದೋಷವು ಕಣ್ಣಿನದೆಂದು ಅರಿಯುವಂತೆ. ಮೊದಲಿನ ಜ್ಞಾನಕ್ಕೆ ವಿರುದ್ಧವಾದ ಇನ್ನೊಂದು ಜ್ಞಾನವು ಉದಿಸುವುದು ಎರಡನೆಯದು. ಬೆಳ್ಳಿಯೆಂದು ಕಂಡುದು ಸಮೀಪಕ್ಕೆ ಹೋದಾಗ ಸಿಂಪಿಯೆಂದು ತಿಳಿಯುವಂತೆ. ಗ್ರಾಹಕಯಂತ್ರವೂ ಈ ವಿಷಯದಲ್ಲಿ ಮೀಮಾಂಸಕನನ್ನು ಹೋಲುತ್ತದೆ: ಬಂದ ಸಂಕೇತವನ್ನು ಅದು ನಿಜವೆಂದೇ ನಂಬುತ್ತದೆ, ಸುಳ್ಳೆಂದು ತಿಳಿಯಬೇಕಾದರೆ ಹೊರಗಿನ ಕಾರಣವೊಂದು ಬೇಕು. ಪ್ರತಿಫಲನವನ್ನು ಕಂಡುಹಿಡಿಯಲು ಐವತ್ತು ವರ್ಷಗಳಲ್ಲಿ ಹುಟ್ಟಿದ ಉಪಾಯಗಳೆಲ್ಲವೂ ಈ ಎರಡು ವರ್ಗಗಳಲ್ಲಿ ಸೇರುತ್ತವೆ.

ಮೊದಲನೆಯ ವರ್ಗದಲ್ಲಿ ಆಂಟೆನಾದ ಸುಧಾರಣೆಯು ಬರುತ್ತದೆ. ಜಿ. ಪಿ. ಎಸ್. ಸಂಕೇತವು ದಕ್ಷಿಣಾವರ್ತವಾಗಿ ಸುತ್ತುತ್ತ ಬರುತ್ತದೆ. ಕಡಿದಾದ ಕೋನದಲ್ಲಿ ಬಿದ್ದು ಪ್ರತಿಫಲಿಸಿದಾಗ ಅದು ಬಹುತರವಾಗಿ ವಾಮಾವರ್ತವಾಗುತ್ತದೆ. ದಕ್ಷಿಣಾವರ್ತವನ್ನು ಮಾತ್ರ ಚೆನ್ನಾಗಿ ಗ್ರಹಿಸುವ ಆಂಟೆನಾವು ಪ್ರತಿಫಲನದ ದೊಡ್ಡ ಭಾಗವನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಆದರೆ ನೆಲವನ್ನು ಸವರಿಕೊಂಡು ಬರುವ ಕಿರಣದಲ್ಲಿ ಈ ವಿಪರ್ಯಯವು ನಡೆಯುವುದಿಲ್ಲ. ಆದುದರಿಂದ ದಿಗಂತದ ಸಮೀಪದ ಉಪಗ್ರಹಗಳನ್ನು ಬಿಟ್ಟುಬಿಡುವ ರೂಢಿಯು ಹುಟ್ಟಿತು. ೧೯೮೦ರ ದಶಕದಲ್ಲಿ ಅಮೆರಿಕದ ಜೆಟ್ ಪ್ರೊಪಲ್ಶನ್ ಪ್ರಯೋಗಾಲಯದಲ್ಲಿ, ಒಂದರೊಳಗೊಂದು ಬಳೆಗಳಂತಿರುವ ಲೋಹದ ವಲಯಗಳಿಂದ ಆಂಟೆನಾವನ್ನು ಸುತ್ತುವರಿದು, ಕೆಳಗಿನಿಂದ ಬರುವ ಸಂಕೇತಗಳನ್ನು ಕುಗ್ಗಿಸುವ ರಚನೆಯು ಸಿದ್ಧವಾಯಿತು. ಯಂತ್ರದ ಒಳಗಿನ ಸುಧಾರಣೆಯು ೧೯೯೨ರಲ್ಲಿ ವ್ಯಾನ್ ಡೀರೆಂಡಾಂಕ್, ಫೆಂಟನ್, ಫೋರ್ಡ್ ಎಂಬವರಿಂದ ಪ್ರಕಟವಾಯಿತು. ಯಂತ್ರವು ತನ್ನಲ್ಲಿರುವ ಸಂಕೇತಮಾಲೆಯ ಪ್ರತಿಯನ್ನು ಬಂದ ಮಾಲೆಯೊಡನೆ ಸರಿಸಿ ಸರಿಸಿ ಹೊಂದಿಸುತ್ತದೆ. ಹಾಗೆ ಹೊಂದಿಸುವಾಗ ಎರಡು ತುದಿಗಳ ನಡುವಣ ಅಂತರವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೆ, ತಡವಾಗಿ ಬಂದ ಪ್ರತಿಫಲನದ ಪ್ರಭಾವವು ಬಹಳ ಕಡಮೆಯಾಗುತ್ತದೆಂದು ಅವರು ತೋರಿಸಿದರು.

ಎರಡನೆಯ ವರ್ಗವು ಹೆಚ್ಚು ಸ್ವಾರಸ್ಯವುಳ್ಳದ್ದು. ನೇರ ಕಿರಣಕ್ಕೂ ತಿರುಗಿ ಬಂದ ಕಿರಣಕ್ಕೂ ಇರುವ ವಿರೋಧವನ್ನು ಮೊದಲು ಸ್ಪಷ್ಟವಾಗಿ ಉಪಯೋಗಿಸಿದವರಲ್ಲಿ ಆ್ಯಪಲ್ಟನ್ ಮತ್ತು ಬಾರ್ನೆಟ್ ಪ್ರಮುಖರು. ೧೯೨೪ರ ಡಿಸೆಂಬರಿನಲ್ಲಿ ಅವರು ಪ್ರಸಾರದ ತರಂಗದ ಉದ್ದವನ್ನು ಮೆಲ್ಲನೆ ಬದಲಾಯಿಸಿ, ಧ್ವನಿಯು ಏರಿ ಇಳಿಯುವುದನ್ನು ಎಣಿಸಿ, ಮೇಲ್ವಾಯುವಿನ ಪ್ರತಿಫಲಕ ಪದರವನ್ನು ಕಂಡುಹಿಡಿದರು. ಉಪಗ್ರಹದ ವಿಷಯದಲ್ಲಿ ತರಂಗದ ಉದ್ದವನ್ನು ಬದಲಾಯಿಸಬೇಕಾಗಿಲ್ಲ, ಉಪಗ್ರಹವೇ ಚಲಿಸುತ್ತದೆ. ಮೇಲೆ ಹೇಳಿದ ನವಲಗುಂದದ ಹೊಲದಲ್ಲಿ ಉಪಗ್ರಹವು ೫ ಅಂಶದಿಂದ ೩೦ ಅಂಶಕ್ಕೆ ಏರುವಷ್ಟರಲ್ಲಿ, ಎರಡು ಕಿರಣಗಳು ಎಂಟು ಒಂಬತ್ತು ಸಲ ಒಂದಕ್ಕೊಂದು ಅನುಕೂಲವಾಗಿಯೂ ಪ್ರತಿಕೂಲವಾಗಿಯೂ ಸೇರುತ್ತವೆ. ಸಂಕೇತದ ಬಲವು ಅಷ್ಟೇ ಸಲ ಏರಿ ಇಳಿಯುತ್ತದೆ. ಈ ತೂಗಾಟವೇ ಪ್ರತಿಫಲನದ ಲಕ್ಷಣವು.

ಸಂಕೇತಮಾಲೆಯ ದೂರವನ್ನೂ ವಾಹಕತರಂಗದ ದೂರವನ್ನೂ ಹೋಲಿಸುವುದು ಇನ್ನೊಂದು ಉಪಾಯವು. ಮೊದಲನೆಯದು ಪ್ರತಿಫಲನಕ್ಕೆ ಬೇಗ ವಶವಾಗುತ್ತದೆ, ಎರಡನೆಯದು ಅಷ್ಟಾಗಿ ವಶವಾಗುವುದಿಲ್ಲ. ಆದುದರಿಂದ ಮೇಲ್ವಾಯುವಿನ ವಿಳಂಬವನ್ನು ಎರಡು ತರಂಗಗಳ ಸಹಾಯದಿಂದ ತೆಗೆದುಹಾಕಿದ ಮೇಲೆ ಉಳಿಯುವ ಭೇದವು ಮುಖ್ಯವಾಗಿ ಪ್ರತಿಫಲನದ್ದೇ. ಎಸ್ಟಿ ಮತ್ತು ಮೀರ್ಟೆನ್ಸ್ ೧೯೯೯ರಲ್ಲಿ ವಿವರಿಸಿದ ಗಣಕಕ್ರಮದ ಮೂಲಕ ಈ ಪರೀಕ್ಷೆಯು ಲೋಕದ ನಿಲ್ದಾಣಗಳಲ್ಲೆಲ್ಲ ಸಾಮಾನ್ಯವಾಯಿತು. ದಿನದಿನದ ಪುನರಾವೃತ್ತಿಯನ್ನು ನೋಡುವುದು ಮತ್ತೊಂದು. ಜಿ. ಪಿ. ಎಸ್. ಉಪಗ್ರಹವು ಸುಮಾರು ಒಂದು ನಾಕ್ಷತ್ರದಿನಕ್ಕೆ, ಎಂದರೆ ೨೩ ಗಂಟೆ ೫೬ ನಿಮಿಷಗಳಿಗೆ, ಆಕಾಶದ ಅದೇ ಸ್ಥಾನಕ್ಕೆ ಬರುತ್ತದೆ. ಗೋಡೆಯು ಅಲ್ಲಿಯೇ ಇರುವುದರಿಂದ ದೋಷವೂ ಹಾಗೆಯೇ ಮರಳುತ್ತದೆ. ಜೆನ್ರಿಕ್ ಮತ್ತು ಬಾಕ್ ೧೯೯೨ರಲ್ಲಿ ಈ ಮರುಕಳಿಕೆಯನ್ನು ಹಿಡಿದು ದೋಷವನ್ನು ಕಳೆಯುವ ಕ್ರಮವನ್ನು ನಿರೂಪಿಸಿದರು. ಉಪಗ್ರಹದ ನಿಜವಾದ ಆವೃತ್ತಿಯು ನಾಕ್ಷತ್ರದಿನಕ್ಕಿಂತ ಸುಮಾರು ೯-೧೦ ಸೆಕೆಂಡು ಕಡಮೆಯೆಂಬ ಸೂಕ್ಷ್ಮವನ್ನು ೨೦೦೪ರಲ್ಲಿ ಚೋಯ್ ಮೊದಲಾದವರು ಈ ಕ್ರಮಕ್ಕೆ ಸೇರಿಸಿದರು. ನಮ್ಮ ಪಂಚಾಂಗಕರ್ತರಿಗೆ ಚಿರಪರಿಚಿತವಾದ ನಾಕ್ಷತ್ರಮಾನವು ಹೀಗೆ ಹೊಸ ಉಪಯೋಗವನ್ನು ಪಡೆಯಿತು.

ನೇರ ಕಿರಣವು ಪೂರ್ಣವಾಗಿ ಮರೆಯಾಗಿ, ತಿರುಗಿ ಬಂದುದೊಂದೇ ಯಂತ್ರವನ್ನು ಸೇರುವ ಸಂದರ್ಭವೂ ಉಂಟು. ಬಯಲಾದ ಎರೆಹೊಲದಲ್ಲಿ ಇದು ವಿರಳವು. ಕಲಘಟಗಿಯ ಕಡೆಯ ಮಲೆನಾಡಿನ ಸೆರಗಿನ ಮರಗಳ ನಡುವೆ, ಊರೊಳಗಿನ ಇಕ್ಕಟ್ಟಾದ ಓಣಿಗಳಲ್ಲಿ, ತಗಡಿನ ಚಪ್ಪರಗಳ ಬದಿಯಲ್ಲಿ ಇದಕ್ಕೆ ಅವಕಾಶವು ಹೆಚ್ಚು. ಆಗ ಬೆರಕೆಯ ತೂಗಾಟವೂ ಇರುವುದಿಲ್ಲ. ಸುಳ್ಳು ಏಕಾಂಗಿಯಾಗಿ ನಿಜದ ವೇಷದಲ್ಲಿ ಬರುತ್ತದೆ. ಅದನ್ನು ಉಳಿದ ಉಪಗ್ರಹಗಳ ವಿರೋಧದಿಂದಲೇ ಅರಿಯಬೇಕು. ವಿಮಾನಯಾನದ ಕ್ಷೇಮಕ್ಕಾಗಿ ೧೯೮೦ರ ದಶಕದ ಉತ್ತರಾರ್ಧದಲ್ಲಿ ಬೆಳೆದ ನಿಯಮದಂತೆ, ನಾಲ್ಕು ಸಾಕ್ಷಿಗಳಿದ್ದರೆ ಸ್ಥಾನವು ತಿಳಿಯುತ್ತದೆ. ಐದಿದ್ದರೆ ಯಾವುದೋ ಒಂದು ತಪ್ಪಿದೆಯೆಂದು ತಿಳಿಯುತ್ತದೆ. ಆರಿದ್ದರೆ ತಪ್ಪಿದುದು ಯಾವುದೆಂದು ತಿಳಿಯುತ್ತದೆ. ಆದರೆ ಒಂದೇ ಗೋಡೆಯು ಎರಡು ಮೂರು ಸಾಕ್ಷಿಗಳನ್ನು ಒಟ್ಟಿಗೆ ಕೆಡಿಸಿದ್ದರೆ ಈ ನಿಯಮವೂ ಸಾಲದು.

೪. ನಿಂತ ಸಾಕ್ಷಿಯ ಸಮಸ್ಯೆ

ಭಾರತವು ರಚಿಸಿದ ವ್ಯವಸ್ಥೆಗಳಲ್ಲಿ ಈ ಸಮಸ್ಯೆಯು ಒಂದು ವಿಶೇಷ ರೂಪವನ್ನು ತಾಳಿತು. ಇಸ್ರೋ ಸಂಸ್ಥೆಯ ನಾವಿಕ್ ವ್ಯವಸ್ಥೆಗೆ ಸೇರಿದ ನಿಯಂತ್ರಣಕೇಂದ್ರವು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ೨೦೧೩ರಲ್ಲಿ ಆರಂಭವಾಯಿತು. ಮೊದಲನೆಯ ಉಪಗ್ರಹವು ೨೦೧೩ರ ಜುಲೈ ೧ರಂದೂ, ಏಳನೆಯದು ೨೦೧೬ರ ಏಪ್ರಿಲ್ ೨೮ರಂದೂ ಮೇಲೇರಿದವು. ಈ ಏಳರ ಯೋಜನೆಯಲ್ಲಿ ಮೂರು ಉಪಗ್ರಹಗಳು ಭೂಸ್ಥಿರವಾದವು, ಎಂದರೆ ನೆಲದಿಂದ ನೋಡುವವನಿಗೆ ಆಕಾಶದಲ್ಲಿ ನಿಂತಂತೆಯೇ ಕಾಣುವವು. ಉಳಿದ ನಾಲ್ಕು ದಿನಕ್ಕೊಮ್ಮೆ ಎಂಟರ ಅಂಕಿಯ ಇಂಗ್ಲಿಷ್ ಆಕಾರದಲ್ಲಿ ಸುತ್ತುವವು. ವಿಮಾನಗಳಿಗೆ ಜಿ. ಪಿ. ಎಸ್. ಅಳತೆಯನ್ನು ತಿದ್ದಿ ಕೊಡುವ ಗಗನ್ ವ್ಯವಸ್ಥೆಯೂ ತನ್ನ ತಿದ್ದುಪಡಿಗಳನ್ನು ಭೂಸ್ಥಿರ ಉಪಗ್ರಹಗಳ ಮೂಲಕವೇ ಸಾರುತ್ತದೆ.

ನಿಂತ ಉಪಗ್ರಹ, ನಿಂತ ಗೋಡೆ, ನಿಂತ ಆಂಟೆನಾ: ಈ ಮೂರು ಕೂಡಿದಾಗ ಪ್ರತಿಫಲನದ ದಾರಿಯು ಬದಲಾಗುವುದು ಅತಿ ಮಂದವು. ಬಲದ ತೂಗಾಟವು ಬೇಗ ಕಾಣುವುದಿಲ್ಲ. ಗಂಟೆಗಟ್ಟಲೆ ಅಳೆದು ಸರಾಸರಿ ತೆಗೆದರೂ ದೋಷವು ಕಳೆಯುವುದಿಲ್ಲ. ಚಲಿಸುವ ಉಪಗ್ರಹದಲ್ಲಿ ಒಮ್ಮೆ ಹೆಚ್ಚು, ಒಮ್ಮೆ ಕಡಮೆಯಾಗಿ ತೂಗುವ ತಪ್ಪು, ಇಲ್ಲಿ ಒಂದೇ ಕಡೆಗೆ ವಾಲಿ ನಿಲ್ಲುತ್ತದೆ. ಅಳತೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಳ್ಳುವುದರಿಂದ ನೋಡುವವನಿಗೆ ವಿಶ್ವಾಸವೂ ಹೆಚ್ಚುತ್ತದೆ.

ಪ್ರಾಚೀನ ಗ್ರಂಥಗಳ ಪಾಠಶೋಧನೆಯನ್ನು ಮಾಡಿದವರಿಗೆ ಈ ಅಪಾಯವು ಹೊಸದಲ್ಲ. ಒಂದು ಕಾವ್ಯಕ್ಕೆ ಹತ್ತು ಓಲೆಯ ಪ್ರತಿಗಳು ದೊರೆತು, ಹತ್ತರಲ್ಲಿಯೂ ಒಂದೇ ಪಾಠವಿದ್ದರೆ ಅದೇ ಸರಿಯೆಂದು ತೋರುತ್ತದೆ. ಆದರೆ ಆ ಹತ್ತೂ ಒಂದೇ ಮಾತೃಕೆಯಿಂದ ಇಳಿದವುಗಳೆಂದು ತಿಳಿದೊಡನೆ ಹತ್ತು ಸಾಕ್ಷ್ಯಗಳು ಒಂದಾಗಿಬಿಡುತ್ತವೆ. ಮೊದಲ ಲಿಪಿಕಾರನ ಕೈತಪ್ಪು ಹತ್ತು ಸಲ ಪ್ರತಿಧ್ವನಿಸಿತಷ್ಟೆ. ಬೇರೆ ಶಾಖೆಯ ಒಂದೇ ಒಂದು ಪ್ರತಿಯು ಆ ಹತ್ತಕ್ಕಿಂತಲೂ ಬೆಲೆಯುಳ್ಳದ್ದು. ಹಾಗೆಯೇ ಒಂದು ಉಪಗ್ರಹವನ್ನು ಸಾವಿರ ಸಲ ಕೇಳುವುದಕ್ಕಿಂತ, ಬೇರೆ ದಿಕ್ಕಿನ ಉಪಗ್ರಹವನ್ನು, ಬೇರೆ ತರಂಗವನ್ನು, ಆಂಟೆನಾವನ್ನು ನಾಲ್ಕು ಮಾರು ಸರಿಸಿ ಇನ್ನೊಮ್ಮೆ ಕೇಳುವುದು ಲೇಸು. ಪುನರುಕ್ತಿಯು ಸಂವಾದವಲ್ಲ.

೫. ದೋಷವೇ ಸಾಧನವಾದುದು

ಈ ಇತಿಹಾಸದ ಇನ್ನೊಂದು ಮುಖವೂ ಗಮನಾರ್ಹವಾಗಿದೆ. ಪ್ರತಿಫಲನವನ್ನು ಇಷ್ಟು ನಿಷ್ಕೃಷ್ಟವಾಗಿ ಗುರುತಿಸಲು ಸಾಧ್ಯವಾದ ಮೇಲೆ, ಅದರಿಂದಲೇ ಪ್ರತಿಫಲಕದ ಗುಣವನ್ನು ತಿಳಿಯಬಹುದಷ್ಟೆ. ಮಾರ್ಟಿನ್-ನೇರಾ ಎಂಬ ವಿದ್ವಾಂಸನು ೧೯೯೩ರಲ್ಲಿ ಸಮುದ್ರದಿಂದ ತಿರುಗಿ ಬರುವ ಸಂಕೇತಗಳಿಂದ ಸಮುದ್ರದ ಮಟ್ಟವನ್ನು ಅಳೆಯಬಹುದೆಂದು ಸೂಚಿಸಿದನು. ೨೦೦೮ರಲ್ಲಿ ಕ್ರಿಸ್ಟೀನ್ ಲಾರ್ಸನ್ ಮೊದಲಾದವರು ಸಂಕೇತಬಲದ ತೂಗಾಟದಿಂದ ನೆಲದ ತೇವವನ್ನು ತಿಳಿಯಬಹುದೆಂದು ತೋರಿಸಿದರು. ನೆಲವು ನೆನೆದಾಗ ತೂಗಾಟದ ಗತಿಯು ಸ್ವಲ್ಪ ಸರಿಯುತ್ತದೆ. ಕೆಟ್ಟ ಅಳತೆಯೆಂದು ಬಿಸುಟುದರಲ್ಲಿಯೇ ಹೀಗೆ ಹೊಸ ಅಳತೆಯು ದೊರೆಯಿತು. ಮುಂಗಾರಿನ ಹದವನ್ನು ಕಾದು ಕುಳಿತುಕೊಳ್ಳುವ ಎರೆಭೂಮಿಯ ಒಕ್ಕಲಿಗನಿಗೆ ಈ ವಿದ್ಯೆಯ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ. ಸರಪಳಿಯ ದೋಷದಿಂದ ಸರಪಳಿಯ ವಿಷಯವಷ್ಟೇ ತಿಳಿಯುತ್ತಿತ್ತು; ಈ ದೋಷದಿಂದ ನೆಲದ ವಿಷಯವೂ ತಿಳಿಯುತ್ತದೆ.

೬. ಕೋಲಿನ ಹೆಸರು

೨೦೨೦ರ ಏಪ್ರಿಲ್ ೨೪ರಂದು ಪ್ರಾರಂಭವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತಕ್ಕೆ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದಿತು. ಮೊದಲಿನ ಮೋಜಣಿಯು ಹೊಲಗಳನ್ನು ಅಳೆದು, ಊರೊಳಗಿನ ಗಾಂವಠಾಣವನ್ನು ಮನೆಮನೆಗೆ ವಿಂಗಡಿಸದೆ ಒಟ್ಟಾಗಿ ಬಿಟ್ಟಿದ್ದಿತು. ಆ ಮನೆಗಳ ಎಲ್ಲೆಗಳನ್ನು ಡ್ರೋನ್ ಚಿತ್ರಗಳಿಂದಲೂ ಉಪಗ್ರಹದ ಅಳತೆಯಿಂದಲೂ ನಿರ್ಣಯಿಸಿ ಒಡೆಯರಿಗೆ ಪತ್ರವನ್ನು ಕೊಡುವುದು ಈ ಯೋಜನೆಯ ಉದ್ದೇಶವು. ಹೊಲಕ್ಕಿಂತ ಊರೊಳಗೇ ಗೋಡೆಗಳೂ ತಗಡುಗಳೂ ಹೆಚ್ಚೆಂಬುದನ್ನು ಇಲ್ಲಿ ನೆನೆಯಬೇಕು. ಹೊಲದ ಬದುವಿನಲ್ಲಿ ಗೇಣಿನ ತಪ್ಪು ಸಹಿಸತಕ್ಕದ್ದಾಗಬಹುದು. ಎರಡು ಮನೆಗಳ ನಡುವಣ ಸಂದಿಯಲ್ಲಿ ಅದೇ ಗೇಣು ದಾಯಾದಿಗಳನ್ನು ಕಚೇರಿಯ ಮೆಟ್ಟಿಲು ಹತ್ತಿಸುತ್ತದೆ.

ಇಂತಹ ವಿವಾದವು ಹುಟ್ಟಿದಾಗ ಹೊಸ ಅಳತೆಯು ಸುಳ್ಳೆಂದೂ ಹಳೆಯ ಸರಪಳಿಯೇ ನಿಜವೆಂದೂ ವಾದಿಸುವುದು ಸರಿಯಲ್ಲ. ಯಂತ್ರವು ಕೊಟ್ಟ ಸಂಖ್ಯೆಯೇ ಅಂತಿಮವೆನ್ನುವುದೂ ಸರಿಯಲ್ಲ. ಬಾಧಕವು ಉದಿಸುವವರೆಗೆ ಅದು ಪ್ರಮಾಣವೇ. ಆದರೆ ಬಾಧಕವು ಉದಿಸುವುದಕ್ಕೆ ದಾರಿಯಿರಬೇಕು. ಅಳೆದ ದಿನ, ಹೊತ್ತು, ಕಂಡ ಉಪಗ್ರಹಗಳು, ಅವುಗಳ ಸಂಕೇತಬಲ, ಆಂಟೆನಾದ ಜಾತಿ ಮತ್ತು ಎತ್ತರ, ಆಧಾರವಾದ ನಿಲ್ದಾಣ ಇವುಗಳ ಮೂಲಲೇಖವು ಉಳಿದಿದ್ದರೆ, ಇಪ್ಪತ್ತು ವರ್ಷಗಳ ಅನಂತರವೂ ಪರೀಕ್ಷಕನು ಪ್ರತಿಫಲನದ ಗುರುತನ್ನು ಅದರಲ್ಲಿ ಹುಡುಕಬಲ್ಲನು. ಕೊನೆಯ ಸಂಖ್ಯೆಯೊಂದನ್ನೇ ಉತಾರದಲ್ಲಿ ಬರೆದು ಮೂಲವನ್ನು ಅಳಿಸಿದರೆ, ದೋಷವಿದ್ದರೂ ಇಲ್ಲದಿದ್ದರೂ ಯಾರಿಗೂ ತಿಳಿಯಲಾರದು.

ಮತ್ತರಿನ ಸಂಖ್ಯೆಯೊಡನೆ ಕೋಲಿನ ಹೆಸರನ್ನು ಕೆತ್ತಿಸಿದ ಬೆಳ್ವೊಲದ ಶಾಸನಕಾರರು ಇದನ್ನು ಅರಿತಿದ್ದರು. ಆಕಾಶದಿಂದ ಅಳೆದ ಭೂಮಿಗೂ ಕೋಲಿನ ಹೆಸರು ಬೇಕು.